ಎಮ್ಮೆಯ ಎದೆ ಊದಿದರೆ ಅದು ಗಳಲೆ ರೋಗವೇ? ಹೊಟ್ಟೆಯಿಂದ ಹೃದಯಕ್ಕೆ ನುಗ್ಗುವ ತಂತಿಯ ಬಗ್ಗೆ ತಿಳಿಯಿರಿ

ಹೈನುಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಫೋಟೊ ಆಗಾಗ ಸುತ್ತುತ್ತಿರುತ್ತದೆ. ಎಮ್ಮೆಯೋ ಆಕಳೋ ತಲೆ ತಗ್ಗಿಸಿ ನಿಂತಿರುತ್ತದೆ. ಮುಂಗಾಲುಗಳ ನಡುವೆ ಎದೆ ಊದಿ ಜೋತುಬಿದ್ದಿರುತ್ತದೆ. ಫೋಟೊದ ಕೆಳಗೆ ಗಳಲೆ ರೋಗ ಎಂಬ ಎಚ್ಚರಿಕೆ, ಜೊತೆಗೊಂದು ಮನೆಮದ್ದು: ಎಣ್ಣೆ ಕುಡಿಸಿ, ಊದಿದ ಜಾಗಕ್ಕೆ ಬರೆ ಹಾಕಿ, ಈ ಮಾಹಿತಿಯನ್ನು ಎಲ್ಲ ರೈತರಿಗೂ ಕಳಿಸಿ.

ಇಂಥ ಸಂದೇಶ ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಫೋಟೊದಲ್ಲಿರುವ ಊತ ಗಳಲೆ ರೋಗದ್ದೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಅದು ಹೃದಯದ ಕಾಯಿಲೆಯ ಗುರುತು. ಆ ಕಾಯಿಲೆಗೆ ಕಾರಣ ದೃಷ್ಟಿಯಲ್ಲ, ವಿಷವಲ್ಲ, ಮೇವಿನ ಜೊತೆ ಹೊಟ್ಟೆಗೆ ಹೋದ ಎರಡು ಮೂರು ಇಂಚಿನ ಒಂದು ತಂತಿ.

ಚುಟುಕಾಗಿ ಹೇಳುವುದಾದರೆ: ಎದೆ ಊದುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ಜಾನುವಾರನ್ನು ಉಳಿಸಿಕೊಳ್ಳುವ ಅವಕಾಶ ಇರುವುದು ಅದಕ್ಕೂ ಮೊದಲು, ಮೇವು ಬಿಟ್ಟು ಬೆನ್ನು ಗೂನು ಮಾಡಿ ನಿಂತ ಮೊದಲ ಎರಡು ಮೂರು ದಿನಗಳಲ್ಲಿ. ಆ ದಿನಗಳನ್ನು ಮನೆಮದ್ದಿನಲ್ಲಿ ಕಳೆದರೆ ಆಮೇಲೆ ವೈದ್ಯರ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ.

ಬೆಳಗಾವಿಯಲ್ಲಿ ಈ ಗೊಂದಲ ಏಕೆ?

ಕರ್ನಾಟಕದಲ್ಲಿ ಅತಿ ಹೆಚ್ಚು ಎಮ್ಮೆಗಳಿರುವ ಜಿಲ್ಲೆ ಬೆಳಗಾವಿ. ನಗರದ ಒಳಗೇ ಗವಳಿಗರ ಓಣಿಗಳಿವೆ. ದೀಪಾವಳಿಯ ಪಾಡ್ಯದಂದು ಎಮ್ಮೆಗಳನ್ನು ಸಿಂಗರಿಸಿ ಓಡಿಸುವ ಸಂಪ್ರದಾಯ ಇಲ್ಲಿ ಈಗಲೂ ಇದೆ. ಊರಿನ ಹೆಸರನ್ನು ಹೊರಗೆ ಒಯ್ಯುವ ಕುಂದಾ ಆಗುವುದೂ ಹಾಲಿನಿಂದಲೇ. ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭತ್ತದ ಗದ್ದೆಯ ಜೊತೆಗೆ ಒಂದೆರಡು ಎಮ್ಮೆ, ಆಕಳು ಇರುವ ಮನೆಗಳು ಸಾಮಾನ್ಯ. ಅಂಥ ಮನೆಯಲ್ಲಿ ಹಾಲು ಕೊಡುವ ಒಂದು ಎಮ್ಮೆ ಸತ್ತರೆ ಹೋಗುವುದು ತಿಂಗಳ ಆದಾಯವೇ.

ಇನ್ನೊಂದು ಕಾರಣ, ಗಳಲೆ ರೋಗದ ಹೆದರಿಕೆ ಇಲ್ಲಿ ಇನ್ನೂ ಹಸಿಯಾಗಿದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಸುಮಾರು 30 ಕೃಷ್ಣಮೃಗಗಳು ಸತ್ತವು. ಕಾರಣ ಗಳಲೆ ರೋಗ ಎಂದು ಪರೀಕ್ಷೆಯಲ್ಲಿ ತಿಳಿದುಬಂತು. ದನ, ಎಮ್ಮೆಗಳನ್ನು ಕೊಲ್ಲುವುದೂ ಇದೇ ರೋಗ. ಹೀಗಾಗಿ ಎದೆ, ಗಂಟಲು ಎಲ್ಲಿ ಊದಿದರೂ ಜನರ ಬಾಯಿಗೆ ಮೊದಲು ಬರುವುದು ಈ ಹೆಸರು. ಹೆದರಿಕೆ ಸಹಜ, ಆದರೆ ಊತವೆಲ್ಲ ಒಂದೇ ಅಲ್ಲ.

ದನಗಳಿಗೂ ಹಾರ್ಟ್ ಅಟ್ಯಾಕ್ ಆಗುತ್ತದೆಯೇ?

ಚೆನ್ನಾಗಿದ್ದ ಆಕಳು ಥಟ್ಟನೆ ಬಿದ್ದು ಸತ್ತರೆ ಹಾರ್ಟ್ ಅಟ್ಯಾಕ್ ಆಗಿರಬೇಕು ಎನ್ನುತ್ತೇವೆ. ಮನುಷ್ಯರಲ್ಲಿ ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು. ದನ, ಎಮ್ಮೆಗಳಲ್ಲಿ ಇದು ತೀರಾ ಅಪರೂಪ. ನಾಯಿಗಳಲ್ಲೂ ಅಪರೂಪವೇ. ಸಣ್ಣ ತಳಿಯ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಕವಾಟ ಸವೆಯುತ್ತದೆ, ಕೆಲವು ದೊಡ್ಡ ತಳಿಗಳಲ್ಲಿ ಹೃದಯದ ಸ್ನಾಯು ತೆಳುವಾಗಿ ಹಿಗ್ಗುತ್ತದೆ.

ದನ, ಎಮ್ಮೆಗಳ ಹೃದಯಕ್ಕೆ ಕುತ್ತು ಬರುವುದು ಹೆಚ್ಚಾಗಿ ಹೊರಗಿನಿಂದ. ಬೆಳೆದ ಜಾನುವಾರುಗಳಲ್ಲಿ ಚೂಪಾದ ಲೋಹ, ಎಳೆ ಕರುಗಳಲ್ಲಿ ಕಾಲುಬಾಯಿ ರೋಗದ ವೈರಾಣು. ಎರಡನ್ನೂ ತಡೆಯಬಹುದು. ಅದಕ್ಕಾಗಿಯೇ ಈ ವಿಷಯ ತಿಳಿದಿರಬೇಕು.

ತಂತಿ ಹೊಟ್ಟೆಗೆ ಹೋಗುವುದು ಹೇಗೆ?

ಮೂಕಪ್ರಾಣಿಗೆ ತಂತಿ ಗೊತ್ತಾಗುತ್ತದೆ, ಬಾಯಿಗೆ ಬಂದರೆ ಉಗುಳುತ್ತದೆ ಎಂದು ನಂಬಿದವರಿದ್ದಾರೆ. ಆಡಿನ ಮಟ್ಟಿಗೆ ಇದು ತಕ್ಕಮಟ್ಟಿಗೆ ನಿಜ. ಆಡು ತುಟಿಯಿಂದ ಆರಿಸಿ ಆರಿಸಿ ತಿನ್ನುತ್ತದೆ, ಹಾಗಾಗಿ ಅದರಲ್ಲಿ ಈ ಕಾಯಿಲೆ ಕಡಿಮೆ. ದನ, ಎಮ್ಮೆ ಹಾಗಲ್ಲ. ನಾಲಿಗೆ ಚಾಚಿ ಮೇವನ್ನು ಸುತ್ತಿ ಎಳೆದು, ಅರೆಬರೆ ಅಗಿದು ನುಂಗುತ್ತವೆ. ಸರಿಯಾಗಿ ಅಗಿಯುವುದು ಆಮೇಲೆ, ಮೆಲುಕು ಹಾಕುವಾಗ. ನಾಲಿಗೆಯ ಮೇಲಿನ ಮುಳ್ಳಿನಂಥ ರಚನೆಗಳು ಗಂಟಲ ಕಡೆಗೆ ಬಾಗಿರುವುದರಿಂದ ಒಮ್ಮೆ ಬಾಯಿಗೆ ಹೋದದ್ದನ್ನು ಹೊರಗೆ ತಳ್ಳುವುದೂ ಅವಕ್ಕೆ ಕಷ್ಟ.

ತಂತಿ, ಮೊಳೆ ಮೇವಿಗೆ ಸೇರುವ ದಾರಿಗಳು ಒಂದೆರಡಲ್ಲ.

• ಮನೆ ಕಟ್ಟುವಲ್ಲಿ ಉಳಿದ ಬೈಂಡಿಂಗ್ ವೈರ್, ಹೆಂಚು ತೆಗೆದು ತಗಡು ಹಾಕುವಾಗ ಬಿದ್ದ ಮೊಳೆ.

• ಹೊಲದ ಬೇಲಿಯ ತುಕ್ಕು ಹಿಡಿದ ತಂತಿ. ಅದು ಹುಲ್ಲಿನ ಜೊತೆ ಬಣವೆಗೆ, ಬಣವೆಯಿಂದ ಮೇವು ಕತ್ತರಿಸುವ ಯಂತ್ರಕ್ಕೆ ಹೋಗುತ್ತದೆ. ಉದ್ದನೆಯ ತಂತಿ ಯಂತ್ರದಲ್ಲಿ ಎರಡು ಮೂರು ಇಂಚಿನ ಚೂಪು ತುಂಡುಗಳಾಗಿ ಹೊರಬರುತ್ತದೆ. ನುಂಗಲು ಸುಲಭ, ಚುಚ್ಚಲೂ ಸುಲಭ.

• ಟೈರ್ ಸುಟ್ಟ ಜಾಗದಲ್ಲಿ ಉಳಿಯುವ ಸಣ್ಣ ಉಕ್ಕಿನ ಎಳೆಗಳು.

• ಗಣೇಶೋತ್ಸವ, ಮದುವೆ ಮಂಟಪ ಬಿಚ್ಚಿದ ಮೇಲೆ ಉಳಿಯುವ ಮೊಳೆ, ತಂತಿ ಸುತ್ತಿದ ಹೂವಿನ ಅಲಂಕಾರ, ಬಾಳೆಕಂಬ. ಹೂವು, ಬಾಳೆ ದನ ತಿನ್ನಲಿ ಎಂದು ಹಾಗೆಯೇ ಹಾಕುತ್ತೇವೆ.

• ನಗರದಲ್ಲಿ ಉಳಿದ ಅನ್ನ, ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆಯುವುದು. ಒಳಗೆ ಬ್ಲೇಡು, ಸೂಜಿ, ಪಿನ್ನು ಇದ್ದರೆ ದನ ಚೀಲದ ಸಮೇತ ನುಂಗುತ್ತದೆ.

ಬೆಳಗಾವಿಯಲ್ಲಿ ಇನ್ನೊಂದು ಮಾತು ಸೇರಿಸಬೇಕು. ಉದ್ಯಮಬಾಗದಂಥ ಕಡೆ ಫೌಂಡ್ರಿ, ಯಂತ್ರಭಾಗ ತಯಾರಿಸುವ ಘಟಕಗಳು ಬಹಳ. ಲೇತ್ ಯಂತ್ರದಿಂದ ಬೀಳುವ ಲೋಹದ ಸುರುಳಿಗಳು ದನ ಮೇಯುವ ಕಡೆ ಚೆಲ್ಲಿದರೆ ಅವೂ ಹೊಟ್ಟೆಗೆ ಹೋಗುತ್ತವೆ. ಮೇವಿನಲ್ಲಿ ರಂಜಕದಂಥ ಖನಿಜಗಳು ಕಡಿಮೆಯಾದಾಗ ದನಗಳು ಮಣ್ಣು, ಎಲುಬು, ಬಟ್ಟೆ ನೆಕ್ಕುವ, ಅಗಿಯುವ ಚಟ ಬೆಳೆಸಿಕೊಳ್ಳುತ್ತವೆ. ಆಗ ಅಪಾಯ ಇನ್ನೂ ಹೆಚ್ಚು.

ಹೊಟ್ಟೆಗೂ ಹೃದಯಕ್ಕೂ ಏನು ಸಂಬಂಧ?

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಎಲ್ಲಕ್ಕಿಂತ ಮುಂದಿರುವ ಚಿಕ್ಕ ಭಾಗದ ಒಳಮೈ ಜೇನುಗೂಡಿನಂತಿರುತ್ತದೆ. ಭಾರವಾದ ವಸ್ತುಗಳು ಬಂದು ಕೂರುವುದು ಇಲ್ಲಿಯೇ. ಈ ಜೇನುಗೂಡು ಹೊಟ್ಟೆಯ ಮುಂದೆ ವಪೆ ಎಂಬ ತೆಳು ಪರದೆ, ಪರದೆಯ ಆಚೆಗೇ ಹೃದಯ. ನಡುವಿನ ಅಂತರ ಕೆಲವೇ ಇಂಚು.

ಈ ಹೊಟ್ಟೆ ಸುಮ್ಮನೆ ಇರುವುದಿಲ್ಲ. ಸುಮಾರು ನಿಮಿಷಕ್ಕೊಮ್ಮೆ ಬಲವಾಗಿ ಹಿಂಡಿಕೊಳ್ಳುತ್ತದೆ. ಒಳಗೆ ಚೂಪು ತಂತಿಯಿದ್ದರೆ ಪ್ರತಿ ಹಿಂಡಿಗೂ ಗೋಡೆಗೆ ಒತ್ತುತ್ತದೆ. ಎಲ್ಲ ತಂತಿಯೂ ಚುಚ್ಚುವುದಿಲ್ಲ. ಮೊಂಡಾದ ಮೊಳೆ, ನಟ್ಟು ಹೊಟ್ಟೆಯಲ್ಲಿಟ್ಟುಕೊಂಡೇ ಆರಾಮವಾಗಿ ಬದುಕುವ ದನಗಳಿವೆ. ಆದರೆ ಚೂಪಾದದ್ದು ಗೋಡೆ ತೂರಿದರೆ ವಪೆ ದಾಟಿ ಹೃದಯದ ಸುತ್ತಲಿನ ಚೀಲಕ್ಕೆ ತಲುಪಬಹುದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಒಳಗಿನ ಕರು ಹೊಟ್ಟೆಯನ್ನು ಮುಂದಕ್ಕೆ ಒತ್ತುತ್ತದೆ, ಈಯುವಾಗ ಹೊಟ್ಟೆ ಬಿಗಿಯುತ್ತದೆ. ಎಂದೋ ನುಂಗಿದ ತಂತಿ ಆಗ ಚುಚ್ಚುವುದುಂಟು. ಈದ ಮೇಲೆ ದೃಷ್ಟಿ ತಾಗಿತು ಎಂದು ನಾವಂದುಕೊಳ್ಳುವ ಕೆಲವು ಪ್ರಕರಣಗಳ ಹಿಂದೆ ಇಂಥ ತಂತಿಯೇ ಇರಬಹುದು.

ತಂತಿಯ ಜೊತೆ ಹೊಟ್ಟೆಯ ಬ್ಯಾಕ್ಟೀರಿಯಾಗಳೂ ಹೃದಯದ ಚೀಲಕ್ಕೆ ಹೋಗುತ್ತವೆ. ಚೀಲದಲ್ಲಿ ಕೀವು, ನೀರು ತುಂಬುತ್ತದೆ. ಹೃದಯ ಪೂರ್ತಿ ಹಿಗ್ಗಲಾಗದೆ, ಹಿಂದಿರುಗಿ ಬರುವ ರಕ್ತವನ್ನು ತೆಗೆದುಕೊಳ್ಳಲಾಗದೆ ಒದ್ದಾಡುತ್ತದೆ. ರಕ್ತ ನಾಳಗಳಲ್ಲೇ ನಿಂತು, ಅದರ ನೀರಿನಂಶ ಹೊರಗೆ ಜಿನುಗಿ ಕೆಳಭಾಗಕ್ಕೆ ಇಳಿಯುತ್ತದೆ. ಫೋಟೊದಲ್ಲಿ ಕಾಣುವ ಎದೆಯ ಊತ ಅದೇ.

ಮೊದಲ ಲಕ್ಷಣಗಳು ಯಾವುವು?

ಊತಕ್ಕೆ ಕಾಯಬೇಡಿ. ಮೊದಲು ಕಾಣುವುದು ಇವು:

• ನಿನ್ನೆ ಚೆನ್ನಾಗಿ ತಿಂದ ಜಾನುವಾರು ಇಂದು ಥಟ್ಟನೆ ಮೇವು, ಹಿಂಡಿ ಬಿಡುತ್ತದೆ. ಹಾಲು ಒಮ್ಮೆಗೇ ಇಳಿಯುತ್ತದೆ. ಮೆಲುಕು ನಿಲ್ಲುತ್ತದೆ.

• ಬೆನ್ನು ಗೂನು ಮಾಡಿ ನಿಲ್ಲುತ್ತದೆ. ಮುಂಗಾಲಿನ ಮೊಣಕೈಗಳನ್ನು ಎದೆಯಿಂದ ದೂರ ಅಗಲಿಸಿರುತ್ತದೆ.

• ಮಲಗಲು, ಏಳಲು, ತಿರುಗಲು ಹಿಂಜರಿಯುತ್ತದೆ. ಇಳಿಜಾರಿನಲ್ಲಿ ಇಳಿಯಲು ಒಲ್ಲೆ ಎನ್ನುತ್ತದೆ, ಏರು ಮಾತ್ರ ಹತ್ತುತ್ತದೆ.

• ಸಗಣಿ ಹಾಕುವಾಗ, ಮಲಗುವಾಗ ನರಳುತ್ತದೆ. ಸಣ್ಣ ಜ್ವರ ಇರುತ್ತದೆ.

ಕೆಲವು ದಿನಗಳಲ್ಲಿ ಈ ನೋವು ತಾನಾಗಿ ಸ್ವಲ್ಪ ತಗ್ಗಿ ದನ ಮತ್ತೆ ಮೇವಿಗೆ ಬಾಯಿ ಹಾಕುವುದುಂಟು. ಆಗ ಕೊಟ್ಟ ಕಷಾಯ ಫಲಿಸಿತು ಎಂದು ನಾವು ನಂಬುತ್ತೇವೆ, ಆ ಮದ್ದು ಇನ್ನೊಂದು ಗುಂಪಿಗೂ ಹೋಗುತ್ತದೆ. ಒಳಗೆ ತಂತಿ ತನ್ನ ದಾರಿಯಲ್ಲಿ ಮುಂದುವರಿದಿರಬಹುದು.

ಕಾಯಿಲೆ ಹೃದಯ ಮುಟ್ಟಿದ ಮೇಲೆ ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಹಗ್ಗದಂತೆ ಉಬ್ಬುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 80 ಇರುವ ಹೃದಯ ಬಡಿತ 100 ದಾಟುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟ ವೈದ್ಯರಿಗೆ ಬಡಿತದ ಸದ್ದು ಮಂಕಾಗಿ, ಕೆಲವೊಮ್ಮೆ ಕೊಡದಲ್ಲಿ ನೀರು ಕುಲುಕಿದಂತೆ ಕೇಳುತ್ತದೆ. ಕೊನೆಗೆ ಎದೆ ಊದುತ್ತದೆ, ಊತ ಗದ್ದದ ಕೆಳಗಿನವರೆಗೂ ಹಬ್ಬುತ್ತದೆ.

ಮೂರು ಊತ, ಮೂರು ಕಾಯಿಲೆ

ಗಳಲೆ ರೋಗ: ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಜ್ವರ ವಿಪರೀತ. ಗಂಟಲಿನ ಕೆಳಗೆ ಊತ, ಮುಟ್ಟಿದರೆ ಬಿಸಿ, ನೋವು. ಜೊಲ್ಲು ಸುರಿಯುತ್ತದೆ, ಉಸಿರಾಟದಲ್ಲಿ ಗೊರಗೊರ ಸದ್ದು. ಒಂದೆರಡು ದಿನಗಳಲ್ಲೇ, ಕೆಲವೊಮ್ಮೆ ಗಂಟೆಗಳಲ್ಲೇ ಸಾವು ಬರಬಹುದು. ಒಂದೇ ಕೊಟ್ಟಿಗೆಯ, ಒಂದೇ ಊರಿನ ಹಲವು ಜಾನುವಾರುಗಳಿಗೆ ಹಬ್ಬಬಹುದು. ಮಳೆಗಾಲದಲ್ಲಿ ಹೆಚ್ಚು. ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿದರೆ ತಡೆಯಬಹುದು.

ತಂತಿಯಿಂದ ಬಂದ ಹೃದಯದ ಕಾಯಿಲೆ: ಸಾಮಾನ್ಯವಾಗಿ ಒಂದೇ ಜಾನುವಾರಿಗೆ. ದಿನಗಟ್ಟಲೆ, ವಾರಗಟ್ಟಲೆ ಎಳೆಯುತ್ತದೆ. ಊತ ಹೆಚ್ಚಾಗಿ ಮುಂಗಾಲುಗಳ ನಡುವೆ ಕಾಣುತ್ತದೆ. ಮುಟ್ಟಿದರೆ ತಣ್ಣಗೆ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ. ಕುತ್ತಿಗೆಯ ನಾಳ ಉಬ್ಬಿರುತ್ತದೆ. ಇದು ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ.

ಯಕೃತ್ತಿನ ಜಂತು: ಖಾನಾಪುರದಂಥ ಮಳೆ ಹೆಚ್ಚಿರುವ, ಗದ್ದೆಯಲ್ಲಿ ನೀರು ನಿಲ್ಲುವ ಕಡೆ ಇದನ್ನು ಮರೆಯಬಾರದು. ನೀರಿನ ಬಸವನಹುಳುವಿನ ಮೂಲಕ ಬೆಳೆಯುವ ಚಪ್ಪಟೆ ಜಂತು ಯಕೃತ್ತನ್ನು ಸೇರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ ಬರುತ್ತದೆ. ಜಾನುವಾರು ನಿಧಾನಕ್ಕೆ ಸೊರಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಚುತ್ತದೆ. ಇಲ್ಲಿ ಕುತ್ತಿಗೆಯ ನಾಳ ಉಬ್ಬಿರುವುದಿಲ್ಲ.

ಈ ವ್ಯತ್ಯಾಸ ತಿಳಿದಿದ್ದರೆ ವೈದ್ಯರಿಗೆ ಫೋನಿನಲ್ಲಿ ಸರಿಯಾಗಿ ಹೇಳಬಹುದು. ಆದರೆ ಫೋಟೊ ನೋಡಿ ಕಾಯಿಲೆ ತೀರ್ಮಾನಿಸುವುದು ಬೇಡ, ನಮ್ಮ ಲೇಖನ ಓದಿಯೂ ಬೇಡ. ಗಳಲೆ ಇರಬಹುದು ಎಂಬ ಅನುಮಾನವಿದ್ದರೆ ಒಂದು ಗಂಟೆಯನ್ನೂ ಕಾಯಬಾರದು.

ಫಾರ್ವರ್ಡ್‌ಗಳಲ್ಲಿ ಬರುವ ಪರಿಹಾರಗಳು: ಎಷ್ಟು ನಿಜ?

ಎಣ್ಣೆ ಕುಡಿಸಿದರೆ ತಂತಿ ಜಾರಿ ಸಗಣಿಯಲ್ಲಿ ಹೋಗುತ್ತದೆ: ತಪ್ಪು. ಜೇನುಗೂಡು ಹೊಟ್ಟೆಯಲ್ಲಿ ಕೂತ ಭಾರದ ವಸ್ತು ಎಣ್ಣೆಗೆ ಜಾರುವುದಿಲ್ಲ. ನರಳುತ್ತಿರುವ ದನದ ಬಾಯಿಗೆ ಬಲವಂತವಾಗಿ ಎಣ್ಣೆ ಹುಯ್ದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

ಊತಕ್ಕೆ ಬರೆ ಹಾಕಿ, ಕೊಯ್ದು ನೀರು ತೆಗೆಯಿರಿ: ತಪ್ಪು, ಜೊತೆಗೆ ಕ್ರೂರ. ಊತ ಇರುವುದು ಹೊರಗೆ, ಕಾರಣ ಒಳಗೆ. ಬರೆಯಿಂದ ಗಾಯವಾಗಿ ಸೋಂಕು ಹೆಚ್ಚುತ್ತದೆ.

ಕೊರಳಿಗೆ ಅಯಸ್ಕಾಂತ ಕಟ್ಟಿ: ಪ್ರಯೋಜನವಿಲ್ಲ. ಹೊಟ್ಟೆಯೊಳಗಿನ ತಂತಿಯನ್ನು ಅಷ್ಟು ದೂರದಿಂದ ಹಿಡಿದಿಡಲು ಅದಕ್ಕೆ ಆಗುವುದಿಲ್ಲ.

ಅಯಸ್ಕಾಂತ ನುಂಗಿಸಿ: ಇದು ಅರ್ಧ ನಿಜ. ದನಗಳಿಗೆಂದೇ ತಯಾರಿಸಿದ, ಬೆರಳಿನಷ್ಟು ಉದ್ದದ, ಅಂಚು ನುಣುಪಾದ ಅಯಸ್ಕಾಂತಗಳಿವೆ. ವೈದ್ಯರು ಅದನ್ನು ಬಾಯಿಯ ಮೂಲಕ ನುಂಗಿಸುತ್ತಾರೆ. ಅದು ಜೇನುಗೂಡು ಹೊಟ್ಟೆಯಲ್ಲಿ ಉಳಿದು ಕಬ್ಬಿಣದ ಚೂರುಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಗೋಡೆಗೆ ಚುಚ್ಚದಂತೆ ತಡೆಯುತ್ತದೆ. ಒಂದು ಜಾನುವಾರಿಗೆ ಒಂದು ಸಾಕು. ಆದರೆ ಹಳೆಯ ಸ್ಪೀಕರ್‌ನಿಂದ ಬಿಚ್ಚಿದ ಅಯಸ್ಕಾಂತದ ತುಂಡನ್ನು ನುಂಗಿಸಬೇಡಿ. ಅದು ಒಡೆದು ಚೂಪಾಗುತ್ತದೆ, ಅದೇ ಇನ್ನೊಂದು ಮೊಳೆಯಾದೀತು. ತಾಮ್ರ, ಅಲ್ಯೂಮಿನಿಯಂ ತಂತಿಯನ್ನು ಯಾವ ಅಯಸ್ಕಾಂತವೂ ಹಿಡಿಯುವುದಿಲ್ಲ. ಆಗಲೇ ಹೃದಯಕ್ಕೆ ಚುಚ್ಚಿದ ತಂತಿಯನ್ನು ಅದು ಹಿಂದಕ್ಕೆ ಎಳೆಯುವುದೂ ಇಲ್ಲ.

ವೈದ್ಯರು ಏನು ಮಾಡುತ್ತಾರೆ?

ಬೆನ್ನಿನ ಮೇಲೆ, ಹೆಗಲಿನ ಹಿಂದಿನ ಚರ್ಮವನ್ನು ಹಿಡಿದು ಒತ್ತಿದಾಗ ಆರೋಗ್ಯವಂತ ದನ ಬೆನ್ನನ್ನು ಕೆಳಗೆ ಬಗ್ಗಿಸುತ್ತದೆ. ತಂತಿ ಚುಚ್ಚಿದ ದನ ಬಗ್ಗಿಸಲು ಒಪ್ಪದೆ ನರಳುತ್ತದೆ. ಹೀಗೆ ಕೈಯ ಪರೀಕ್ಷೆಗಳಿಂದ ಶುರುಮಾಡಿ, ಅಗತ್ಯವಿದ್ದರೆ ರಕ್ತ ಪರೀಕ್ಷೆ, ಎಕ್ಸ್‌ರೇ, ಅಲ್ಟ್ರಾಸೌಂಡ್ ಮಾಡುತ್ತಾರೆ. ಲೋಹ ಪತ್ತೆ ಯಂತ್ರವೂ ಇದೆ. ಆದರೆ ಅದು ಲೋಹ ಇದೆ ಎನ್ನುತ್ತದೆ, ಚುಚ್ಚಿದೆಯೋ ಇಲ್ಲವೋ ಹೇಳುವುದಿಲ್ಲ.

ಮೊದಲ ಹಂತದಲ್ಲೇ ಸಿಕ್ಕರೆ ವಿಶ್ರಾಂತಿ, ಆ್ಯಂಟಿಬಯಾಟಿಕ್, ಅಯಸ್ಕಾಂತ ಇವುಗಳಿಂದಲೇ ಎಷ್ಟೋ ಜಾನುವಾರುಗಳು ಚೇತರಿಸಿಕೊಳ್ಳುತ್ತವೆ. ಮುಂಗಾಲುಗಳು ಎತ್ತರದಲ್ಲಿರುವಂತೆ ಇಳಿಜಾರು ಮಾಡಿ ಕಟ್ಟುವುದರಿಂದ ಹೊಟ್ಟೆಯ ಭಾರ ಹಿಂದಕ್ಕೆ ಸರಿದು ನೋವು ತಗ್ಗುತ್ತದೆ. ಕೆಲವು ದಿನಗಳಲ್ಲಿ ಸುಧಾರಿಸದಿದ್ದರೆ ಆಪರೇಷನ್. ದನ ನಿಂತಿರುವಂತೆಯೇ ಎಡ ಪಕ್ಕೆಗೆ ಮರಗಟ್ಟಿಸುವ ಮದ್ದು ಕೊಟ್ಟು, ದೊಡ್ಡ ಹೊಟ್ಟೆ ತೆರೆದು, ಕೈ ಹಾಕಿ ತಂತಿ ತೆಗೆಯುತ್ತಾರೆ. ಹೃದಯದ ಚೀಲ ಕೀವು ತುಂಬುವ ಮೊದಲು ಮಾಡಿದರೆ ಫಲ ಒಳ್ಳೆಯದು.

ಎದೆ ಊದಿದ ಮೇಲೆ ಉಳಿಯುವ ಜಾನುವಾರುಗಳು ಬಹಳ ಕಡಿಮೆ. ಆ ಹಂತದಲ್ಲಿ ಸಾಲ ಮಾಡಿ ದುಬಾರಿ ಚುಚ್ಚುಮದ್ದು ಹಾಕಿಸುವ ಮೊದಲು ಉಳಿಯುವ ಸಾಧ್ಯತೆ ಎಷ್ಟು ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಆ್ಯಂಟಿಬಯಾಟಿಕ್ ಕೊಟ್ಟ ಜಾನುವಾರಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೂ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ. ಕುದಿಸಿದರೆ ಮದ್ದಿನ ಅಂಶ ಹೋಗುತ್ತದೆ ಎಂಬ ಮಾತನ್ನು ನಂಬುವ ಹಾಗಿಲ್ಲ.

ಕರು ಥಟ್ಟನೆ ಸತ್ತರೆ?

ಗಿಣ್ಣದ ಹಾಲು ಹೆಚ್ಚಾಗಿ ಕರು ಸತ್ತಿತು ಎನ್ನುವುದನ್ನು ಕೇಳಿರುತ್ತೀರಿ. ಊರಲ್ಲಿ ಕಾಲುಬಾಯಿ ರೋಗ ಇರುವಾಗ ಎಳೆ ಕರು ಹೀಗೆ ಸತ್ತರೆ ಹೃದಯವನ್ನು ಅನುಮಾನಿಸಬೇಕು. ದೊಡ್ಡ ದನಗಳಲ್ಲಿ ಬಾಯಿ, ಗೊರಸಿನಲ್ಲಿ ಹುಣ್ಣು ಮಾಡುವ ಈ ವೈರಾಣು ಎಳೆ ಕರುಗಳಲ್ಲಿ ಹೃದಯದ ಸ್ನಾಯುವಿಗೇ ದಾಳಿ ಮಾಡುತ್ತದೆ. ಹುಣ್ಣು ಕಾಣುವ ಮೊದಲೇ ಕರು ಸಾಯಬಹುದು. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಮೇಲೆ ಹಳದಿ ಬಿಳಿ ಪಟ್ಟೆಗಳು ಕಾಣುತ್ತವೆ. ಹುಲಿಯ ಪಟ್ಟೆಗಳಂತಿರುವುದರಿಂದ ಪಶುವೈದ್ಯರು ಇದನ್ನು ಹುಲಿ ಹೃದಯ ಎಂದೇ ಕರೆಯುತ್ತಾರೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ರೋಗದ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ತೀರಾ ಎಳೆ ಕರುವಿಗೆ ಲಸಿಕೆ ಇಲ್ಲ. ಅದಕ್ಕೆ ರಕ್ಷಣೆ ಸಿಗುವುದು ಲಸಿಕೆ ಹಾಕಿಸಿಕೊಂಡ ತಾಯಿಯ ಗಿಣ್ಣದ ಹಾಲಿನಿಂದ. ಎಂದರೆ ಗಿಣ್ಣದ ಹಾಲು ಕರುವನ್ನು ಕೊಲ್ಲುವುದಲ್ಲ, ಕಾಯುವುದು. ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆ ಎಂದು ಹಿಂಜರಿಯುವವರು ಈ ಲೆಕ್ಕ ನೆನಪಿಡಬೇಕು. ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ಆಮೇಲೆ ಸರಿಹೋಗುತ್ತದೆ. ಸತ್ತ ಕರು ಮರಳಿ ಬರುವುದಿಲ್ಲ.

ಸತ್ತ ಮೇಲೆ ಪರೀಕ್ಷೆ ಏಕೆ?

ಕಾರಣ ಗೊತ್ತಾಗದೆ ಜಾನುವಾರು ಸತ್ತರೆ ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ. ತಂತಿಯೋ, ಅಂಟುರೋಗವೋ ಎಂಬುದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿಯುತ್ತದೆ. ಅಂಟುರೋಗವಾಗಿದ್ದರೆ ಉಳಿದ ದನಗಳನ್ನು ಕಾಯಬಹುದು. ವಿಮೆ ಮಾಡಿಸಿದ್ದರೆ ಪರಿಹಾರಕ್ಕೂ ವೈದ್ಯರ ದಾಖಲೆ ಬೇಕು. ಕಿವಿಯ ಓಲೆ ತೆಗೆಯಬೇಡಿ. ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸೋರಿದ್ದರೆ ಮಾತ್ರ ಯಾರೂ ದೇಹವನ್ನು ಕೊಯ್ಯಬಾರದು. ಅದು ಮನುಷ್ಯರಿಗೂ ಹರಡುವ ನೆರಡಿ ರೋಗ, ಎಂದರೆ ಆಂಥ್ರಾಕ್ಸ್ ಇರಬಹುದು.

ಇಂದೇ ಮಾಡಬಹುದಾದ ಕೆಲಸಗಳು

1. ಮೇವು ಹಾಕುವ ಮೊದಲು ಗೋದಲಿಯನ್ನು ಕೈಯಿಂದ ಒಮ್ಮೆ ತಡವಿ ನೋಡಿ. ಹಿಂಡಿ, ಹೊಟ್ಟನ್ನು ಜರಡಿ ಹಿಡಿಯಿರಿ.

2. ಮೇವು ಕತ್ತರಿಸುವ ಯಂತ್ರದ ಬಾಯಿಯ ಹತ್ತಿರ ಒಂದು ಬಲವಾದ ಅಯಸ್ಕಾಂತ ಕಟ್ಟಿ. ವಾರಕ್ಕೊಮ್ಮೆ ಅದಕ್ಕೆ ಅಂಟಿದ್ದನ್ನು ನೋಡಿ, ನಿಮಗೇ ಆಶ್ಚರ್ಯವಾದೀತು.

3. ಹುಲ್ಲಿನ ಹೊರೆಯನ್ನು ತಂತಿಯಿಂದ ಕಟ್ಟಬೇಡಿ, ಹಗ್ಗ ಬಳಸಿ. ಕೊಟ್ಟಿಗೆಯ ರಿಪೇರಿ, ಮನೆ ಕೆಲಸ ಮುಗಿದ ಮೇಲೆ ಮೊಳೆ, ತಂತಿ ಆರಿಸಿ.

4. ದಿನವೂ ಖನಿಜ ಮಿಶ್ರಣ ಕೊಡಿ. ಕಂಡದ್ದನ್ನೆಲ್ಲ ಅಗಿಯುವ ಚಟ ತಗ್ಗುತ್ತದೆ.

5. ಒಂದು ವರ್ಷ ದಾಟಿದ ಜಾನುವಾರಿಗೆ ಅಯಸ್ಕಾಂತ ನುಂಗಿಸುವ ಬಗ್ಗೆ ನಿಮ್ಮ ಪಶುವೈದ್ಯರನ್ನು ಕೇಳಿ.

6. ನಗರದವರು ಉಳಿದ ಆಹಾರವನ್ನು ಗಂಟು ಕಟ್ಟಿದ ಚೀಲದಲ್ಲಿ ಎಸೆಯಬೇಡಿ. ಬ್ಲೇಡು, ಸೂಜಿಗಳನ್ನು ಬೇರೆಯಾಗಿ ಕಸದ ಗಾಡಿಗೆ ಕೊಡಿ. ಬೀದಿಯಲ್ಲಿ ಮೇಯುವ ಆ ಆಕಳು ಯಾರದೋ ಮನೆಗೆ ಹಾಲು ಕೊಡುತ್ತದೆ.

7. ಜಾನುವಾರು ಮೇವು ಬಿಟ್ಟು ಗೂನು ನಿಂತರೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಇದು ಸಂಚಾರಿ ಪಶುಚಿಕಿತ್ಸೆಯ ಉಚಿತ ಸಹಾಯವಾಣಿ. ಯಾವಾಗಿನಿಂದ ತಿನ್ನುತ್ತಿಲ್ಲ, ಹಾಲು ಎಷ್ಟು ಇಳಿದಿದೆ, ಗಬ್ಬವೇ, ಯಾವಾಗ ಈದಿದೆ, ಜ್ವರವಿದೆಯೇ ಎಂಬುದನ್ನು ಹೇಳಿ.

ಇನ್ನು ಮುಂದೆ ಎದೆ ಊದಿದ ಎಮ್ಮೆಯ ಫೋಟೊ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಮೊದಲು ಕಳಿಸಿದವರನ್ನು ಒಂದು ಪ್ರಶ್ನೆ ಕೇಳಿ: ವೈದ್ಯರಿಗೆ ತೋರಿಸಿದಿರಾ? ಇಲ್ಲ ಎಂದಾದರೆ ಮದ್ದಿನ ಬದಲು 1962 ಎಂಬ ಸಂಖ್ಯೆಯನ್ನು ಕಳಿಸಿ.